ಕೈತೋಟದ ಥೈಮ್ ಗಿಡ: ಮೊದಲು ಒಂದು ಗಜದ ಪಾತಿಯೇ ಸಾಕು

ಗ್ರಾಮಗಳಲ್ಲಿ ಹಿತ್ತಲಿನ ಬೇಸಾಯವು ಬಹುಕಾಲದಿಂದ ಒಂದೇ ಸೂತ್ರವನ್ನನುಸರಿಸಿ ನಡೆದುಬಂದಿರುತ್ತದೆ. ಬಚ್ಚಲಿನ ನೀರು ಹರಿದುಹೋಗುವ ಕಡೆ ಬಾಳೆ, ಅದರ ತಗ್ಗಿನಲ್ಲಿ ಕೆಸು, ಬೇಲಿಯ ಮೇಲೆ ಹೀರೆ ಅವರೆಗಳ ಬಳ್ಳಿ, ಒಲೆಯ ಬೂದಿಯೂ ಕೊಟ್ಟಿಗೆಯ ಕಸವೂ ಬೀಳುವ ಕಡೆ ಕುಂಬಳ. ಹೀಗೆ ನೀರೂ ಗೊಬ್ಬರವೂ ಹೆಚ್ಚಿದಷ್ಟು ಫಲವೂ ಹೆಚ್ಚುವುದೆಂಬುದು ಹಿತ್ತಲಿನ ಯಜಮಾನರ ಅನುಭವ. ಬಾಳೆ ಕೆಸುಗಳ ಮಟ್ಟಿಗೆ ಈ ಅನುಭವವು ಸುಳ್ಳಲ್ಲ. ಆದರೆ ಪಟ್ಟಣಗಳ ಸಸ್ಯಕ್ಷೇತ್ರಗಳಲ್ಲಿ ಈಗ ಸುಲಭವಾಗಿ ದೊರೆಯುತ್ತಿರುವ ಥೈಮ್ ಎಂಬ ಸುಗಂಧದ ಗಿಡಕ್ಕೆ ಇದೇ ಸೂತ್ರವು ಮೃತ್ಯುಪ್ರಾಯವಾಗಿ ಪರಿಣಮಿಸುತ್ತದೆ. ಈ ಗಿಡವನ್ನು ಬೆಳೆಸಬೇಕೆಂದು ಅಪೇಕ್ಷಿಸುವ ಜಮೀನುದಾರರೂ, ಅವರ ಮಾದರಿಯನ್ನು ನೋಡಿ ನಡೆಯುವ ಊರಿನವರೂ ಮೊದಲು ತಿಳಿಯಬೇಕಾದ ವಿಷಯವು ಇದೇ ಆಗಿರುತ್ತದೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಕಾರ್ತಿಕ ಮಾಸದ ತಂಪಿನಲ್ಲಿ ಯಜಮಾನರು ಪಟ್ಟಣದಿಂದ ಒಂದೆರಡು ಕುಂಡಗಳನ್ನು ತರುತ್ತಾರೆ. ಗೇಣುದ್ದದ ಗಿಡ, ಅಕ್ಕಿಯ ಕಾಳಿನಷ್ಟು ಸಣ್ಣ ಎಲೆ, ಬೆರಳಿನಿಂದ ಹೊಸಕಿದರೆ ಓಮದ ಕಾಳಿನ ವಾಸನೆ. ಚಳಿ ಮುಗಿಯುವವರೆಗೆ ಗಿಡವು ಹಸುರಾಗಿ ಹರಡುತ್ತದೆ. ಶಿವರಾತ್ರಿ ಕಳೆದು ಬಿಸಿಲೇರಿದಾಗ ತುದಿಗಳು ಬಾಡಿದಂತೆ ಕಾಣಲು, ಮನೆಯವರು ಕನಿಕರದಿಂದ ದಿನಕ್ಕೆರಡು ಬಾರಿ ನೀರು ಹೊಯ್ಯುತ್ತಾರೆ; ಬುಡಕ್ಕೆ ಒಂದು ಬುಟ್ಟಿ ಸಗಣಿಗೊಬ್ಬರವನ್ನೂ ಹಾಕುತ್ತಾರೆ. ಗಿಡವು ಕೆಲವು ದಿನ ಮೆದುವಾಗಿ, ಉದ್ದುದ್ದವಾಗಿ ಬೆಳೆಯುತ್ತದೆ. ಆಷಾಢದ ಜಡಿಮಳೆ ಹಿಡಿದೊಡನೆ ಬುಡದ ಕಾಂಡವು ಕಪ್ಪಾಗಿ, ಎಲೆ ಕಂದಿ, ಶ್ರಾವಣದ ವೇಳೆಗೆ ಒಣಕಡ್ಡಿಗಳು ಮಾತ್ರ ಉಳಿಯುತ್ತವೆ.

ಇದನ್ನು ಕಂಡವರು ಪರದೇಶದ ಗಿಡ ಈ ನೆಲಕ್ಕೆ ಒಗ್ಗುವುದಿಲ್ಲವೆಂದು ಕೈತೊಳೆದುಕೊಳ್ಳುತ್ತಾರೆ. ಮತ್ತೆ ಕೆಲವರು, ಒಂದು ಕುಂಡದಲ್ಲಿ ಒಂದು ಚಳಿಗಾಲ ಗಿಡ ಚೆನ್ನಾಗಿ ಬಂದುದನ್ನೇ ಆಧಾರವಾಗಿಟ್ಟುಕೊಂಡು, ಪಟ್ಟಣದ ಹೋಟೆಲುಗಳಲ್ಲಿ ಈ ಸೊಪ್ಪಿಗೆ ಬೆಲೆಯುಂಟೆಂಬ ಮಾತನ್ನು ಕೇಳಿ, ಎಕರೆಗಟ್ಟಲೆ ಹಾಕುವ ಯೋಚನೆ ಮಾಡುತ್ತಾರೆ. ಈ ಎರಡು ತೀರ್ಮಾನಗಳೂ ತಪ್ಪು. ಗಿಡವು ಒಗ್ಗದುದಲ್ಲ, ಅದರ ಸ್ವಭಾವವನ್ನು ಅರಿಯದೆ ಆರೈಕೆ ಮಾಡಲಾಗಿದೆ. ಲಾಭದ ಮಾತೂ ನಿರಾಧಾರವಲ್ಲ, ಆದರೆ ಅದನ್ನು ಒಂದು ಕುಂಡದಿಂದಲೂ ಒಂದು ಋತುವಿನಿಂದಲೂ ಅಳೆಯಲಾಗದು.

ಗಿಡದ ಹುಟ್ಟೂ ಸ್ವಭಾವವೂ

ಸಸ್ಯಶಾಸ್ತ್ರದಲ್ಲಿ ಥೈಮಸ್ ವಲ್ಗಾರಿಸ್ ಎಂದು ಕರೆಯಲ್ಪಡುವ ಈ ಗಿಡವು ತುಳಸಿ, ಪುದೀನ, ದೊಡ್ಡಪತ್ರೆಗಳ ಕುಟುಂಬಕ್ಕೇ ಸೇರಿದುದು. ಇದರ ತವರು ಮೆಡಿಟರೇನಿಯನ್ ಸಮುದ್ರದ ಪಶ್ಚಿಮಭಾಗದ ತೀರಪ್ರದೇಶಗಳು. ಸ್ಪೇನ್, ದಕ್ಷಿಣ ಫ್ರಾನ್ಸ್, ಇಟಲಿ ದೇಶಗಳ ಸುಣ್ಣಕಲ್ಲಿನ ಬೋಳುಗುಡ್ಡಗಳ ಮೇಲೆ, ಮಣ್ಣಿಗಿಂತ ಕಲ್ಲೇ ಹೆಚ್ಚಾಗಿರುವ ಇಳಿಜಾರುಗಳಲ್ಲಿ, ಇದು ತಾನಾಗಿ ಬೆಳೆಯುತ್ತದೆ. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಗೆಯು ಒಣಬೇಸಗೆ. ತಿಂಗಳುಗಟ್ಟಲೆ ಹನಿ ನೀರಿಲ್ಲದೆ ಬಿಸಿಲಿನಲ್ಲಿ ನಿಲ್ಲುವುದಕ್ಕೆ ತಕ್ಕಂತೆ ಈ ಗಿಡದ ಅಂಗರಚನೆಯಿದೆ. ಎಲೆಯು ಚಿಕ್ಕದು, ಅಂಚು ಒಳಕ್ಕೆ ಮಡಿಸಿಕೊಂಡಿರುವುದು, ಕೆಳಭಾಗದಲ್ಲಿ ಬೂದುಬಣ್ಣದ ನವಿರು. ಇವೆಲ್ಲವೂ ನೀರನ್ನು ಹಿಡಿದಿಡುವ ಉಪಾಯಗಳು. ಎಲೆಯೊಳಗಿನ ಸುಗಂಧತೈಲವೂ ಬಿಸಿಲಿನಲ್ಲಿ, ಬಡನೆಲದಲ್ಲಿ ಬೆಳೆದ ಗಿಡದಲ್ಲಿಯೇ ಗಾಢವಾಗಿರುತ್ತದೆ.

ಕರ್ನಾಟಕದ ಹವೆಯು ಇದಕ್ಕೆ ತಲೆಕೆಳಗು. ಇಲ್ಲಿ ಸೆಕೆಯೂ ಮಳೆಯೂ ಕೂಡಿ ಬರುತ್ತವೆ. ಜ್ಯೇಷ್ಠದಿಂದ ಆಶ್ವಯುಜದವರೆಗೆ ಭೂಮಿ ಬೆಚ್ಚಗೂ ಒದ್ದೆಯಾಗಿಯೂ ಇರುವುದರಿಂದ, ಬೇರನ್ನು ಕೊಳೆಯಿಸುವ ಬೂಷ್ಟುಗಳಿಗೆ ಅದೇ ಸುಗ್ಗಿಯ ಕಾಲ. ಆದುದರಿಂದ ಥೈಮ್ ಗಿಡಕ್ಕೆ ಈ ಸೀಮೆಯಲ್ಲಿ ನಿಜವಾದ ಪರೀಕ್ಷೆಯು ಬೇಸಗೆಯಲ್ಲ, ಮಳೆಗಾಲ. ಚಳಿಗಾಲದಲ್ಲಿ ಅದು ಹಸುರಾಗಿರುವುದನ್ನು ನೋಡಿ ಹಿಗ್ಗುವುದು, ಪರೀಕ್ಷೆಗೆ ಕೂರುವ ಮೊದಲೇ ಮಗು ತೇರ್ಗಡೆಯಾಯಿತೆಂದು ಹೇಳಿದಂತೆ.

ಸೀಮೆಯ ಭೇದವನ್ನೂ ಇಲ್ಲಿ ಗಮನಿಸತಕ್ಕದ್ದು. ವರ್ಷಕ್ಕೆ 250 ಅಂಗುಲಕ್ಕೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯ ಕಡೆಯಲ್ಲಿಯೂ, ಕರಾವಳಿಯಲ್ಲಿಯೂ, ಕೊಡಗು ಮಲೆನಾಡುಗಳ ಹುಳಿಮಣ್ಣಿನಲ್ಲಿಯೂ ಇದನ್ನು ಬಯಲಿನಲ್ಲಿ ನೆಡುವುದು ವ್ಯರ್ಥ. ಸೂರಿನಡಿಯ ಕುಂಡದಲ್ಲಿ ಮಾತ್ರ ಅಲ್ಲಿ ಇದಕ್ಕೆ ಸ್ಥಳವುಂಟು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗಗಳ ಬಯಲುಸೀಮೆಯ ಕೆಂಪುಮಣ್ಣಿನ ಪ್ರದೇಶಗಳಲ್ಲಿಯೂ, ಸಮುದ್ರಮಟ್ಟಕ್ಕಿಂತ ಸುಮಾರು 3000 ಅಡಿ ಎತ್ತರದಲ್ಲಿರುವ ಬೆಂಗಳೂರಿನ ಸುತ್ತಲೂ ಪ್ರಯತ್ನಕ್ಕೆ ಹೆಚ್ಚಿನ ಅನುಕೂಲವಿದೆ. ಎರೆಭೂಮಿಯಲ್ಲಿ ನೀರು ಇಂಗದೆ ನಿಲ್ಲುವುದರಿಂದ, ಅಲ್ಲಿ ಎತ್ತರಿಸಿದ ಪಾತಿಯಿಲ್ಲದೆ ಇದರ ಗೋಜಿಗೆ ಹೋಗಬಾರದು.

ಸ್ಥಳವೂ ಪಾತಿಯೂ

ಹಿತ್ತಲಿನಲ್ಲಿ ಬೇರಾವುದೂ ಬಾರದೆಂದು ಬಿಟ್ಟಿರುವ ಮೂಲೆಯೇ ಈ ಗಿಡಕ್ಕೆ ಉತ್ತಮವಾದುದು. ಬಚ್ಚಲ ನೀರಿನ ದಾರಿಗೂ ಬಾಳೆಯ ಮೆಳೆಗೂ ದೂರವಾಗಿರಬೇಕು. ದಿನಕ್ಕೆ ಆರು ಗಂಟೆಯ ಬಿಸಿಲು ಬೇಕು. ಮುಂಗಾರಿನ ಗಾಳಿಯೂ ಇರಚಲೂ ನೈರುತ್ಯದಿಂದ ಬರುವುದರಿಂದ, ಮನೆಯ ಮೂಡಣ ಅಥವಾ ಆಗ್ನೇಯ ಪಾರ್ಶ್ವವನ್ನು ಆರಿಸಿಕೊಂಡರೆ ಮನೆಯ ಗೋಡೆಯೇ ಗಿಡಕ್ಕೆ ಮರೆಯಾಗುತ್ತದೆ, ಬೆಳಗಿನ ಬಿಸಿಲೂ ದೊರೆಯುತ್ತದೆ. ಆದರೆ ಸೂರಿನ ಹನಿ ಪಾತಿಯ ಮೇಲೆ ಬೀಳದಂತೆ ಎರಡು ಮೂರು ಅಡಿ ಈಚೆಗೆ ಸರಿಸಿ ಮಾಡತಕ್ಕದ್ದು.

ನೆಲವು ನೀರನ್ನು ಇಂಗಿಸುವುದೋ ಇಲ್ಲವೋ ಎಂಬುದನ್ನು ತಿಳಿಯಲು ಸುಲಭವಾದ ಕ್ರಮವುಂಟು. ಒಂದಡಿ ಆಳದ ಗುಂಡಿಯನ್ನು ತೋಡಿ ನೀರು ತುಂಬಿಸಿ, ಅದು ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ ನೋಡಬೇಕು. ಎರಡನೆಯ ಸಲದ ನೀರು ಒಂದೆರಡು ಗಂಟೆಯೊಳಗೆ ಇಂಗಿದರೆ ಸ್ಥಳವು ಯೋಗ್ಯ. ಮರುದಿನದವರೆಗೆ ನಿಂತರೆ ಆ ಸ್ಥಳವನ್ನು ಕೆಸುವಿಗೆ ಬಿಡುವುದು ಲೇಸು.

ಮೂರಡಿ ಉದ್ದ, ಮೂರಡಿ ಅಗಲದ ಒಂದು ಚದರ ಗಜದ ಪಾತಿಯು ಮನೆಬಳಕೆಗೆ ಸಾಕು. ಸುತ್ತಲೂ ಕಲ್ಲುಗಳನ್ನು ಜೋಡಿಸಿ ನೆಲಮಟ್ಟದಿಂದ ಒಂದಡಿ ಎತ್ತರಿಸಬೇಕು. ತಳಕ್ಕೆ ಮೂರು ಅಂಗುಲ ಇಟ್ಟಿಗೆಯ ಚೂರು. ಅದರ ಮೇಲೆ ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ದಪ್ಪಮರಳು, ಒಂದು ಪಾಲು ಸಣ್ಣ ಜಲ್ಲಿ, ಇವುಗಳ ಮಿಶ್ರಣ. ಹಳೆಯ ಸುಣ್ಣಗಾರೆಯ ಪುಡಿ ದೊರೆತರೆ ಎರಡು ಬೊಗಸೆ ಸೇರಿಸಬಹುದು. ತವರಿನ ಸುಣ್ಣದ ನೆಲಕ್ಕೆ ಅದು ಸ್ವಲ್ಪ ಸಮೀಪವಾಗುತ್ತದೆ. ಗೊಬ್ಬರವೆಂದರೆ ಪೂರ್ತಿ ಕಳಿತು ಮಣ್ಣಾದ ಕೊಟ್ಟಿಗೆ ಗೊಬ್ಬರ ಎರಡು ಹಿಡಿ, ಅಷ್ಟೆ. ಪಾತಿಯ ಮೇಲ್ಮೈಯನ್ನು ನಡುವೆ ಉಬ್ಬಿಸಿ ಸುತ್ತಲೂ ಇಳಿಜಾರು ಮಾಡಿದರೆ ಬಿದ್ದ ಮಳೆ ನಿಲ್ಲದೆ ಜಾರಿಹೋಗುತ್ತದೆ. ಕೋಳಿಗಳಿರುವ ಮನೆಯಾದರೆ ಸುತ್ತಲೂ ಮುಳ್ಳು ಕಟ್ಟುವುದನ್ನು ಮರೆಯಬಾರದು. ಸಡಿಲವಾದ ಮರಳುಮಣ್ಣನ್ನು ಕೆದಕುವುದು ಅವಕ್ಕೆ ಬಲು ಪ್ರಿಯ.

ಬೀಜವೋ ಕಡ್ಡಿಯೋ

ಥೈಮಿನ ಬೀಜವು ರಾಗಿಗಿಂತಲೂ ಬಹಳ ಸಣ್ಣದು. ಒಂದು ಗ್ರಾಂ ತೂಕದಲ್ಲಿ ಹಲವು ಸಾವಿರ ಬೀಜಗಳಿರುತ್ತವೆ. ಸ್ವಾತಿ ಮಳೆ ಕಳೆದ ಮೇಲೆ, ಅಗಲವಾದ ಮಣ್ಣಿನ ತಟ್ಟೆಯಲ್ಲಿ ಒರಟು ಮರಳು ಬೆರಸಿದ ಮಣ್ಣನ್ನು ಹರಡಿ, ಬೀಜವನ್ನು ಒಣಮರಳಿನೊಡನೆ ಕಲಸಿ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲನೆ ಒತ್ತಬೇಕು. ಮಣ್ಣು ಮುಚ್ಚಿದರೆ ಬೆಳಕು ಸೋಂಕದೆ ಮೊಳಕೆ ಕೆಡುತ್ತದೆ. ತಟ್ಟೆಯನ್ನು ನೀರಿನ ಬಾನಿಯಲ್ಲಿಟ್ಟು ಕೆಳಗಿನಿಂದ ನೀರು ಹೀರಿಸುವುದು ಕ್ರಮ. ಎರಡು ಮೂರು ವಾರಗಳಲ್ಲಿ ಮೊಳಕೆ ಕಾಣುವುದು. ಸಸಿಯು ಎರಡು ಅಂಗುಲ ಎತ್ತರವಾಗುವವರೆಗೆ ತಾಳ್ಮೆ ಬೇಕು.

ತಾಳ್ಮೆ ಸಾಲದವರು ಕಡ್ಡಿಯಿಂದಲೇ ಮಾಡುವುದು ಉತ್ತಮ. ಹೂವಿಲ್ಲದ ಎಳೆಯ ಕುಡಿಗಳನ್ನು ಮೂರು ಅಂಗುಲಕ್ಕೆ ಕತ್ತರಿಸಿ, ಕೆಳಗಿನ ಅರ್ಧದ ಎಲೆಗಳನ್ನು ತೆಗೆದು, ತೇವದ ಮರಳಿನಲ್ಲಿ ಊರಿ ನೆರಳಿನಲ್ಲಿಟ್ಟರೆ ಮೂರು ನಾಲ್ಕು ವಾರಗಳಲ್ಲಿ ಬೇರೂರುತ್ತದೆ. ಇದಕ್ಕಿಂತಲೂ ಸುಲಭವಾದುದೆಂದರೆ, ನೆಲಕ್ಕೆ ಬಾಗಿದ ರೆಂಬೆಯ ಮೇಲೆ ಒಂದು ಹಿಡಿ ಮಣ್ಣೂ ಒಂದು ಕಲ್ಲೂ ಇಟ್ಟು, ಅಲ್ಲಿ ಬೇರೊಡೆದ ಬಳಿಕ ತಾಯಿಯಿಂದ ಕತ್ತರಿಸಿ ಬೇರೆ ನೆಡುವುದು. ಮಲ್ಲಿಗೆಯ ಬಳ್ಳಿಯನ್ನು ಹೀಗೆ ಹೆಚ್ಚಿಸುವುದು ಹಳ್ಳಿಯ ಹೆಂಗಸರಿಗೆ ತಿಳಿದ ಸಂಗತಿಯೇ.

ಸಸ್ಯಕ್ಷೇತ್ರದಿಂದ ಕೊಂಡ ಗಿಡವಾದರೆ ಒಂದು ಎಚ್ಚರಿಕೆ ಬೇಕು. ಅಂತಹ ಗಿಡಗಳು ಬಹುಮಟ್ಟಿಗೆ ತೆಂಗಿನ ನಾರಿನ ಪುಡಿಯಲ್ಲಿ ಬೆಳೆದಿರುತ್ತವೆ. ಆ ಪುಡಿಯು ನೀರನ್ನು ಸ್ಪಂಜಿನಂತೆ ಹಿಡಿದುಕೊಳ್ಳುತ್ತದೆ. ಗಡ್ಡೆಯನ್ನು ಹಾಗೆಯೇ ಮಣ್ಣಿನಲ್ಲಿ ಹೂಳಿದರೆ, ಹೊರಗಿನ ಮಣ್ಣು ಒಣಗಿದಾಗಲೂ ಒಳಗಿನ ಗಡ್ಡೆ ಒದ್ದೆಯಾಗಿಯೇ ಉಳಿದು ಬೇರು ಕೊಳೆಯುವುದು. ನೆಡುವ ಮೊದಲು ಪುಡಿಯ ಹೆಚ್ಚಿನ ಭಾಗವನ್ನು ಬೆರಳಿನಿಂದ ಸಡಿಲಿಸಿ ಉದುರಿಸಿ, ಬೇರುಗಳನ್ನು ಬಿಡಿಸಿ ಹರಡಿ ನೆಡತಕ್ಕದ್ದು.

ಪಾತಿಯಲ್ಲಿ ಅಡಿಗೊಂದರಂತೆ ಒಂಬತ್ತು ಸಸಿಗಳನ್ನು ನೆಟ್ಟು, ಒಂದನ್ನು ಬೇರೆಯಾಗಿ ಮಣ್ಣಿನ ಕುಂಡದಲ್ಲಿ ತಾಯಿಗಿಡವೆಂದು ಉಳಿಸಿಕೊಳ್ಳಬೇಕು.

ನೀರೂ ಗೊಬ್ಬರವೂ

ನೆಟ್ಟ ಮೊದಲ ತಿಂಗಳು ಸಸಿಯು ಬೇರೂರುವವರೆಗೆ ಮಣ್ಣು ಸ್ವಲ್ಪ ತೇವವಾಗಿರಬೇಕು. ಆಮೇಲೆ ನೀರು ಹೊಯ್ಯುವುದಕ್ಕೆ ದಿನದ ಲೆಕ್ಕವಿಲ್ಲ, ಬೆರಳಿನ ಲೆಕ್ಕ. ತೋರುಬೆರಳನ್ನು ಎರಡು ಅಂಗುಲ ಮಣ್ಣಿಗಿಳಿಸಿ, ತೇವ ತಗುಲಿದರೆ ನೀರು ಕೂಡದು. ಒಣಗಿದ್ದರೆ ಬುಡದವರೆಗೆ ಇಂಗುವಂತೆ ಒಮ್ಮೆ ಹೊಯ್ದು, ಮತ್ತೆ ಒಣಗುವವರೆಗೆ ಬಿಡಬೇಕು. ದಿನವೂ ಚಿಮುಕಿಸುವ ನೀರು ಬೇರನ್ನು ಮೇಲ್ಮಣ್ಣಿನಲ್ಲಿಯೇ ಸೋಮಾರಿಯಾಗಿ ನಿಲ್ಲಿಸುತ್ತದೆ. ಮಧ್ಯಾಹ್ನದಲ್ಲಿ ತುದಿ ಸ್ವಲ್ಪ ಬಾಡಿದಂತೆ ಕಂಡರೆ ಗಾಬರಿಯಾಗಬೇಕಾದುದಿಲ್ಲ. ಸಂಜೆಗೆ ತಾನೇ ಚೇತರಿಸಿಕೊಂಡರೆ ಗಿಡಕ್ಕೆ ಬಾಯಾರಿಕೆಯಾಗಿಲ್ಲವೆಂದು ತಿಳಿಯಬೇಕು. ಮುಂಜಾನೆಯಲ್ಲಿಯೂ ಬಾಡಿದ್ದು, ಮಣ್ಣು ಒದ್ದೆಯಾಗಿದ್ದರೆ, ಅದು ಬೇರು ಕೊಳೆಯುತ್ತಿರುವ ಸೂಚನೆ. ಆಗ ಹೆಚ್ಚು ನೀರು ಹೊಯ್ಯುವುದು ಮುಳುಗುತ್ತಿರುವವನ ಬಾಯಿಗೆ ತಂಬಿಗೆ ಹಿಡಿದಂತೆ.

ವರ್ಷಕ್ಕೊಮ್ಮೆ ಗಿಡವನ್ನು ಕತ್ತರಿಸಿದ ಬಳಿಕ ಒಂದು ಹಿಡಿ ಕಳಿತ ಗೊಬ್ಬರ ಕೊಟ್ಟರೆ ಸಾಕು. ಯೂರಿಯಾ ಮೊದಲಾದ ಸಾರಜನಕದ ಗೊಬ್ಬರಗಳನ್ನು ಹಾಕಿದರೆ ಕಾಂಡವು ಮೆದುವಾಗಿ ಉದ್ದ ಬೆಳೆಯುತ್ತದೆ, ವಾಸನೆ ತಗ್ಗುತ್ತದೆ, ಮಳೆಗೆ ಮೊದಲು ಬೀಳುವುದೂ ಆ ಗಿಡವೇ. ಅತಿಯಾದರೆ ಅಮೃತವೂ ವಿಷವೆಂಬ ಗಾದೆಗೆ ಹಿತ್ತಲಿನಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಒಣ ಬೇಸಗೆಯಲ್ಲಿ ಎಲೆಯ ಮೇಲೆ ಸಣ್ಣ ಬಿಳಿಚುಕ್ಕೆಗಳೂ ನವಿರಾದ ಬಲೆಯೂ ಕಂಡರೆ ನುಸಿ ತಗುಲಿದೆಯೆಂದು ತಿಳಿದು, ಬೆಳಗಿನ ಹೊತ್ತು ಎಲೆಯ ಅಡಿಭಾಗಕ್ಕೆ ನೀರನ್ನು ರಭಸವಾಗಿ ಚಿಮ್ಮಿಸಿ ತೊಳೆಯಬೇಕು. ಸೊಪ್ಪು ಅಡುಗೆಗೆ ಹೋಗುವುದಾದುದರಿಂದ ವಿಷದ ಔಷಧಿಗಳನ್ನು ಸಿಂಪಡಿಸುವುದು ಸಲ್ಲದು.

ಮಳೆಗಾಲದ ನಾಲ್ಕು ತಿಂಗಳು

ಆರಿದ್ರೆ ಮಳೆಗೆ ಮುಂಚೆಯೇ ಗಿಡದ ಮೂರರಲ್ಲೊಂದು ಭಾಗವನ್ನು ಕತ್ತರಿಸಿ ಒಳಗೆ ಗಾಳಿಯಾಡುವಂತೆ ಮಾಡಬೇಕು. ಎಲೆಯಿಲ್ಲದ ಹಳೆಯ ಮರಗಾಂಡಕ್ಕೆ ಕತ್ತರಿ ಹಾಕಬಾರದು, ಅಲ್ಲಿಂದ ಪ್ರಾಯಶಃ ಮತ್ತೆ ಚಿಗುರದು. ಬುಡದ ಸುತ್ತ ಒಂದಂಗುಲ ದಪ್ಪ ಜಲ್ಲಿಯನ್ನು ಹರಡಿದರೆ ಮಳೆಯ ಹೊಡೆತಕ್ಕೆ ಮಣ್ಣು ಎಲೆಗೆ ಸಿಡಿಯುವುದಿಲ್ಲ, ನೆಲಕ್ಕೊರಗಿದ ರೆಂಬೆಗಳೂ ಕೊಳೆಯುವುದಿಲ್ಲ. ಹುಲ್ಲು ತರಗುಗಳ ಹೊದಿಕೆ ಈ ಗಿಡಕ್ಕೆ ಶತ್ರು. ಬಿಡದೆ ಮಳೆ ಹಿಡಿದಾಗ ನಾಲ್ಕು ಗೂಟಗಳ ಮೇಲೆ ಒಂದು ತಗಡನ್ನೋ ಪಾರದರ್ಶಕವಾದ ಹಾಳೆಯನ್ನೋ ಓರೆಯಾಗಿ ಕಟ್ಟಿ, ಪಕ್ಕಗಳನ್ನು ತೆರೆದಿಡಬೇಕು. ಸುತ್ತಲೂ ಮುಚ್ಚಿದರೆ ಒಳಗಿನ ಬೇಗೆಯೇ ಗಿಡವನ್ನು ಕೊಲ್ಲುತ್ತದೆ. ಕುಂಡವನ್ನು ಜಗಲಿಗೆ ಎತ್ತಿಡುವುದು ಎಲ್ಲಕ್ಕಿಂತ ಸುಲಭ. ಇಷ್ಟೆಲ್ಲಾ ಮಾಡಿದರೂ ಒಂದೆರಡು ಗಿಡಗಳು ಹೋಗಬಹುದು. ಆ ನಷ್ಟವನ್ನು ತುಂಬಿಕೊಳ್ಳುವುದಕ್ಕಾಗಿಯೇ ತಾಯಿಗಿಡವನ್ನು ಉಳಿಸುವುದು. ಮೂರು ನಾಲ್ಕು ವರ್ಷಗಳಲ್ಲಿ ಗಿಡವು ಮರಗಟ್ಟಿ ನಡುವೆ ಬೋಳಾಗುವುದರಿಂದ, ಆ ವೇಳೆಗೆ ಹೊಸ ಕಡ್ಡಿಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು.

ಕೊಯ್ಲೂ ಬಳಕೆಯೂ

ನೆಟ್ಟ ಐದಾರು ತಿಂಗಳ ಬಳಿಕ ಕುಡಿಗಳನ್ನು ಕೊಯ್ಯಬಹುದು. ಇಬ್ಬನಿ ಆರಿದ ಮೇಲೆ, ಬಿಸಿಲು ಚುರುಕಾಗುವ ಮೊದಲು ಕೊಯ್ದು, ಸಣ್ಣ ಕಂತೆ ಕಟ್ಟಿ ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಬೇಕು. ಬಿಸಿಲಿನಲ್ಲಿ ಒಣಗಿಸಿದರೆ ಬಣ್ಣವೂ ವಾಸನೆಯೂ ಹೋಗುತ್ತವೆ. ಎಲೆ ಗರಿಗರಿಯಾದಾಗ ಕಡ್ಡಿಯಿಂದ ಉದುರಿಸಿ ಬಿಗಿಮುಚ್ಚಳದ ಭರಣಿಯಲ್ಲಿಟ್ಟರೆ ಬಹುಕಾಲ ಬಾಳುತ್ತದೆ. ಕೊತ್ತಂಬರಿ ಸೊಪ್ಪಿನಂತೆ ಕಡೆಯಲ್ಲಿ ಹಾಕುವ ಸೊಪ್ಪು ಇದಲ್ಲ. ಕುದಿಯುವ ಮೊದಲೇ ಹಾಕಿದರೆ ಇದರ ಸಾರವು ನಿಧಾನವಾಗಿ ಇಳಿಯುತ್ತದೆ. ಬೇಳೆಯ ಸಾರು, ಆಲೂಗಡ್ಡೆಯ ಪಲ್ಯ, ಮಾಂಸದ ಅಡುಗೆ, ಇವುಗಳಿಗೆ ಒಂದು ಚಿಟಿಕೆ ಸಾಕು.

ತವರಿನಲ್ಲಿ ಈ ಹೂವಿಗೆ ಜೇನುನೊಣಗಳು ಮುತ್ತುತ್ತವೆ. ಥೈಮಿನ ಜೇನು ಮೆಡಿಟರೇನಿಯನ್ ದೇಶಗಳಲ್ಲಿ ಹೆಸರಾದುದು. ಚಳಿ ಕಡಮೆಯಾದ ಈ ಸೀಮೆಯಲ್ಲಿ ಹೂವು ಹಾಗೆಯೇ ತುಂಬಿ ಬರುವುದೆಂದು ನಂಬಿ ಜೇನುಪೆಟ್ಟಿಗೆಗಳನ್ನು ಕೊಳ್ಳಬಾರದು.

ಮನೆಯಲ್ಲಿಯೇ ಇರುವ ಬಂಧುಗಳು

ಥೈಮಿಗೆ ಅದರ ವಾಸನೆಯನ್ನು ಕೊಡುವ ಮುಖ್ಯ ವಸ್ತುವಿನ ಹೆಸರು ಥೈಮಾಲ್. ಕಾಸ್ಪರ್ ನ್ಯೂಮನ್ ಎಂಬ ಜರ್ಮನ್ ರಸಾಯನಜ್ಞನು 1719ರಲ್ಲಿ ಇದನ್ನು ಥೈಮಿನ ಎಣ್ಣೆಯಿಂದ ಬೇರ್ಪಡಿಸಿದನು. ಆದರೆ ಇದೇ ವಸ್ತುವು ಓಮದ ಕಾಳಿನ ಎಣ್ಣೆಯಲ್ಲಿ ಶೇಕಡ 35ರಿಂದ 60ರವರೆಗೂ ಇರುತ್ತದೆ. ಓಮವು ಕೊತ್ತಂಬರಿ ಜೀರಿಗೆಗಳ ಕುಟುಂಬದ್ದು. ಥೈಮಿಗೆ ರಕ್ತಸಂಬಂಧವಿಲ್ಲದಿದ್ದರೂ ಗುಣಸಂಬಂಧವುಂಟು. ಹಿತ್ತಲಿನ ದೊಡ್ಡಪತ್ರೆಯಾದರೋ ಥೈಮಿನ ಕುಟುಂಬದ್ದೇ. ಅದರಲ್ಲಿಯೂ ಥೈಮಾಲ್ ಮತ್ತು ಅದರ ಸಮೀಪದ ಕಾರ್ವಕ್ರಾಲ್ ಎಂಬ ವಸ್ತುಗಳಿವೆ. ಹಿಮಾಲಯದ ಪಶ್ಚಿಮಭಾಗದ ಇಳಿಜಾರುಗಳಲ್ಲಿ ಬನಜವಾನ, ಎಂದರೆ ಕಾಡು ಓಮ, ಎಂಬ ಹೆಸರಿನಿಂದ ಥೈಮಿನ ಒಂದು ಜಾತಿಯೇ ಕಾಡುಗಿಡವಾಗಿ ಬೆಳೆಯುತ್ತದೆ.

ಆದುದರಿಂದ ಮಗುವಿನ ಶೀತಕ್ಕೆ ದೊಡ್ಡಪತ್ರೆಯ ರಸವನ್ನೂ, ಹೊಟ್ಟೆಯುಬ್ಬರಕ್ಕೆ ಓಮದ ನೀರನ್ನೂ ಬಳಸುತ್ತ ಬಂದ ಮನೆಗಳು, ಅದೇ ಗುಣವುಳ್ಳ ಪರದೇಶದ ಗಿಡವೊಂದು ಬಂದಿತೆಂದು ಮನೆಯದನ್ನು ಕಿತ್ತೆಸೆಯಬೇಕಾದ ಕಾರಣವಿಲ್ಲ. ದೊಡ್ಡಪತ್ರೆಯು ಒಂದು ಕಡ್ಡಿ ಊರಿದರೆ ಬರುತ್ತದೆ, ಮಲೆನಾಡಿನ ನೆರಳಿನಲ್ಲಿಯೂ ಬೆಳೆಯುತ್ತದೆ. ಥೈಮ್ ಬೇಕಾದುದು ಅಡುಗೆಯ ಬೇರೊಂದು ರುಚಿಗಾಗಿ, ಬಿಸಿಲಿನ ಬಡನೆಲದ ಒಂದು ಮೂಲೆಯ ಸದ್ವಿನಿಯೋಗಕ್ಕಾಗಿ. ಔಷಧಕ್ಕೆಂದೇ ಇದನ್ನು ತರುವುದು ಅನಾವಶ್ಯಕ. ಇದರ ಭಟ್ಟಿಯಿಳಿಸಿದ ಎಣ್ಣೆಯನ್ನಂತೂ ಮನೆಯಲ್ಲಿ ಯಾರಿಗೂ ಕುಡಿಯಲು ಕೊಡಲೇಕೂಡದು.

ಎಕರೆಯ ಆಸೆ

ಈಗ ಲಾಭದ ಮಾತು. ಥೈಮಾಲಿನ ಪೂರ್ವಚರಿತ್ರೆಯು ಜಮೀನುದಾರರಿಗೆ ಒಳ್ಳೆಯ ಪಾಠ. 1909ರಲ್ಲಿ ಅಮೆರಿಕಾದಲ್ಲಿ ಸ್ಥಾಪಿತವಾದ ರಾಕ್‌ಫೆಲರ್ ಆರೋಗ್ಯ ಆಯೋಗವು ಆ ದೇಶದ ದಕ್ಷಿಣ ಸಂಸ್ಥಾನಗಳಲ್ಲಿ ಕೊಕ್ಕೆಹುಳುವಿನ ರೋಗಕ್ಕೆ ಥೈಮಾಲನ್ನೇ ಮುಖ್ಯ ಔಷಧವಾಗಿ ಹಂಚಿತು. ಆ ಕಾಲದಲ್ಲಿ ಭಾರತದ ಓಮದ ಕಾಳು ಹಡಗಿನಲ್ಲಿ ಜರ್ಮನಿಗೆ ಹೋಗಿ, ಅಲ್ಲಿ ಥೈಮಾಲಾಗಿ ಲೋಕಕ್ಕೆಲ್ಲಾ ಮಾರಾಟವಾಗುತ್ತಿತ್ತು. 1914ರಲ್ಲಿ ಯೂರೋಪಿನ ಮಹಾಯುದ್ಧವು ಆರಂಭವಾಗಿ ಆ ದಾರಿ ಮುಚ್ಚಿತು. ಥೈಮಾಲಿನ ಬೆಲೆ ಏರಿತು. ಭಾರತದಲ್ಲಿಯೇ ಭಟ್ಟಿಯಿಳಿಸುವ ಪ್ರಯತ್ನಗಳು ನಡೆದುವು. ಯುದ್ಧವು ಮುಗಿದ ಮೇಲೆ ಬೇರೆ ಔಷಧಗಳು ಬಂದು ಆ ರೋಗದ ಚಿಕಿತ್ಸೆಯಲ್ಲಿ ಥೈಮಾಲಿನ ಸ್ಥಾನವನ್ನು ಆಕ್ರಮಿಸಿದುವು. ಇಂದು ಥೈಮಾಲನ್ನು ಗಿಡದ ನೆರವಿಲ್ಲದೆ ಮೆಟಾ-ಕ್ರೆಸಾಲ್ ಎಂಬ ರಾಸಾಯನಿಕದಿಂದಲೇ ಕಾರ್ಖಾನೆಗಳು ತಯಾರಿಸುತ್ತವೆ. ದೂರದ ಯುದ್ಧದಿಂದ ಏರಿದ ಬೆಲೆಯು ದೂರದ ಪ್ರಯೋಗಶಾಲೆಯಿಂದ ಇಳಿಯುತ್ತದೆ. ಎರಡೂ ರೈತನ ಕೈಯಲ್ಲಿಲ್ಲ.

ಇನ್ನು ಲೆಕ್ಕವನ್ನು ನೋಡಬಹುದು. ಒಂದು ಎಕರೆಯೆಂದರೆ 43,560 ಚದರ ಅಡಿ. ಓಡಾಡುವ ದಾರಿಗೂ ಕಾಲುವೆಗೂ ಅರ್ಧ ನೆಲವನ್ನು ಬಿಟ್ಟರೂ, ಅಡಿಗೊಂದರಂತೆ ಇಪ್ಪತ್ತು ಸಾವಿರಕ್ಕೂ ಮಿಕ್ಕ ಸಸಿಗಳು ಬೇಕು. ಗಜದ ಪಾತಿಗೆ ಮಾಡಿದ ಎತ್ತರ, ಜಲ್ಲಿ, ಮಳೆಯ ಮರೆ ಇವುಗಳನ್ನು ಎಕರೆಗೆ ಒದಗಿಸುವ ವೆಚ್ಚವನ್ನು ಯಜಮಾನರೇ ಊಹಿಸಿಕೊಳ್ಳಬಹುದು. ಇದನ್ನು ಒದಗಿಸದಿದ್ದರೆ ಮೊದಲ ಮಳೆಗಾಲವೇ ಬೆಳೆಯನ್ನು ಒಯ್ಯುತ್ತದೆ. ಭಟ್ಟಿಯಿಳಿಸುವುದಾದರೆ ಒಣಗಿದ ನೂರು ಕಿಲೋ ಗಿಡದಿಂದ ದೊರೆಯುವ ಎಣ್ಣೆ ಒಂದೆರಡು ಕಿಲೋ ಮಾತ್ರ. ಹಸಿಯ ಸೊಪ್ಪನ್ನು ಮಾರುವುದಾದರೆ ಕೊಳ್ಳುವವರು ದೊಡ್ಡ ಪಟ್ಟಣಗಳ ಹೋಟೆಲುಗಳೂ ಅಂಗಡಿಗಳೂ; ಅವರಿಗೆ ಬೇಕಾದುದು ವರ್ಷವೆಲ್ಲಾ ತಪ್ಪದೆ ಬರುವ ಸ್ವಲ್ಪ ಸೊಪ್ಪು, ಒಂದು ದಿನ ಬರುವ ಗಾಡಿಯ ತುಂಬ ಸೊಪ್ಪಲ್ಲ. ಪಟ್ಟಣಕ್ಕೆ ಸಮೀಪವಿದ್ದು, ಕೊಳ್ಳುವವರೊಡನೆ ಮುಂಚಿತವಾಗಿ ಒಪ್ಪಂದವಿದ್ದು, ಮಳೆಯ ಮರೆಯುಳ್ಳ ಚಪ್ಪರವಿರುವವರು ಕೆಲವು ಗುಂಟೆಗಳಲ್ಲಿ ಪ್ರಯತ್ನಿಸಿದರೆ ತಪ್ಪೆನ್ನಲಾಗದು. ಉಳಿದವರಿಗೆ ಅದು ಜೂಜು.

ಕೊಳ್ಳುವ ಭರವಸೆಯನ್ನು ಬಾಯಿಮಾತಿನಲ್ಲಿ ಕೊಟ್ಟು, ಸಸಿಗಳನ್ನು ಮುಂಗಡ ಹಣಕ್ಕೆ ಮಾರಿಹೋಗುವ ವ್ಯಾಪಾರ ಯಾವ ಹೊಸ ಬೆಳೆಯ ಹಿಂದೆಯೂ ಬರತಕ್ಕದ್ದೇ. ಗ್ರಾಮದ ಮುಖ್ಯರು ಒಬ್ಬರು ನಂಬಿ ಹಣ ಕೊಟ್ಟರೆ, ಅವರ ಹೆಸರನ್ನು ನೋಡಿ ಹತ್ತು ಮಂದಿ ಸಣ್ಣ ಹಿಡುವಳಿದಾರರು ಸಾಲ ಮಾಡಿ ಕೊಡುತ್ತಾರೆ. ಮುಖ್ಯರ ನಷ್ಟವು ಒಂದು ವರ್ಷದಲ್ಲಿ ತುಂಬಬಹುದು. ಎರಡು ಎಕರೆಯವನ ನಷ್ಟವು ಹಾಗಲ್ಲ, ರಾಗಿಯ ಹೊಲವನ್ನು ಒಂದು ಮುಂಗಾರು ಕಳೆದುಕೊಂಡ ಮನೆಯಲ್ಲಿ ಮುಂದಿನ ಸುಗ್ಗಿಯವರೆಗೆ ಕಣಜವು ಬರಿದು.

ಆದುದರಿಂದ ಮುಖ್ಯರು ಮಾಡಬೇಕಾದ ಕಾರ್ಯವು ಸರಳವಾದುದು. ಬರುವ ಸ್ವಾತಿ ಮಳೆ ಕಳೆದ ಬಳಿಕ ತಮ್ಮ ಹಿತ್ತಲಿನ ಮೂಡಣ ಮೂಲೆಯಲ್ಲಿ ಒಂದು ಗಜದ ಪಾತಿಯನ್ನು ಮಾಡಿಸಿ, ಒಂಬತ್ತು ಸಸಿಗಳನ್ನು ನೆಡಿಸತಕ್ಕದ್ದು. ನೆಟ್ಟ ದಿನ, ನೀರು ಹೊಯ್ದ ದಿನ, ಮಳೆಯಲ್ಲಿ ಸತ್ತ ಗಿಡಗಳ ಸಂಖ್ಯೆ, ಕೊಯ್ದ ಸೊಪ್ಪಿನ ತೂಕ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿಸತಕ್ಕದ್ದು. ಎರಡು ಮಳೆಗಾಲ ಕಳೆದ ಮೇಲೆ ಒಂಬತ್ತರಲ್ಲಿ ಆರಕ್ಕೆ ಕಡಮೆಯಿಲ್ಲದೆ ಉಳಿದಿದ್ದರೆ ಆ ಊರಿನ ನೆಲಕ್ಕೆ ಥೈಮ್ ಒಗ್ಗಿತೆಂದು ತಿಳಿದು, ಕಡ್ಡಿಗಳನ್ನು ನೆರೆಹೊರೆಯವರಿಗೆ ಕ್ರಯವಿಲ್ಲದೆ ಹಂಚಬಹುದು. ಆರಕ್ಕಿಂತ ಕಡಮೆ ಉಳಿದಿದ್ದರೆ, ಒಂಬತ್ತು ಸಸಿಗಳ ಬೆಲೆಗೆ ಊರಿನ ಹಣ ಉಳಿಯಿತೆಂದು ಎಣಿಸಿ, ಆ ಪಾತಿಯಲ್ಲಿ ದೊಡ್ಡಪತ್ರೆಯನ್ನು ನೆಡತಕ್ಕದ್ದು. ಸಸಿ ಮಾರಲು ಬಂದವರಿಗೆ ಊರಿನ ಪರವಾಗಿ ಕೊಡಬೇಕಾದ ಉತ್ತರವೂ ಆ ಪುಸ್ತಕದಲ್ಲಿಯೇ ಇರುತ್ತದೆ. ಅದನ್ನು ತೆರೆದು ತೋರಿಸುವವರೆಗೆ ಗ್ರಾಮದಲ್ಲಿ ಯಾರೂ ಮುಂಗಡದ ಹಣವನ್ನು ಕೊಡದಂತೆ ನೋಡಿಕೊಳ್ಳುವುದು ಮುಖ್ಯರ ಹೊಣೆ.